ಆಡದವನ ಟವೆಲ್ಲು

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸುಮಾರು ಒಂದು ವರ್ಷ ನಾನು ಒಂದು ಕಂಪ್ಯೂಟರ್ ಆಟದ ಸರ್ವರಿನಲ್ಲಿ ದಿನಕ್ಕೆ ಮೂರು ತಾಸು ಕೂತಿರುತ್ತಿದ್ದೆ. ಅಲ್ಲಿ ಎಲ್ಲರೂ ನನ್ನನ್ನು ‘ಮಾಸ್ತರ್’ ಎಂದು ಕರೆಯುತ್ತಿದ್ದರು. ಆ ಆಟ ನೋಡಲು ಹೇಗಿರುತ್ತದೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಕೋಟೆ ಕಟ್ಟುತ್ತಾರೆ, ಸೈನ್ಯ ಕೂಡಿಸುತ್ತಾರೆ, ಇನ್ನೊಬ್ಬರ ಕೋಟೆ ಒಡೆಯುತ್ತಾರೆ ಎಂದು ಕೇಳಿದ್ದೆ, ಅಷ್ಟೆ. ನಗಬೇಕೆನಿಸಿದರೆ ನಗಿ. ಸರಿಗಮದ ಗಂಧವಿಲ್ಲದವರು ಸಂಗೀತ ಸಭೆಗೆ ಅಧ್ಯಕ್ಷರಾಗಿ ಹಾರ ಹಾಕಿಸಿಕೊಂಡದ್ದನ್ನು ನೀವೂ ನೋಡಿದ್ದೀರಿ. ನಾನು ಹಾರವನ್ನಂತೂ ಹಾಕಿಸಿಕೊಂಡಿಲ್ಲ.

ನನ್ನದು ಟೈಪಿಂಗ್ ಕಲಿಸುವ ಕೆಲಸ. ಪುಣೆ ಕ್ಯಾಂಪಿನ ಒಂದು ಓಣಿಯಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ ನನ್ನ ಇನ್‌ಸ್ಟಿಟ್ಯೂಟ್. ಅದರ ಹಿಂದಿನ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ. ತೊಂಬತ್ತರ ದಶಕದ ಆರಂಭದಲ್ಲಿ ಹದಿನೆಂಟು ಮಷಿನುಗಳು ಒಟ್ಟಿಗೆ ಬಡಿದರೆ ಕೆಳಗಿನ ಬೇಕರಿಯ ಗಾಜಿನ ಬರಣಿಗಳು ಗಲಗಲ ಎನ್ನುತ್ತಿದ್ದವು. ಬೇಕರಿಯವನು ಜಗಳಕ್ಕೆಂದು ಮೇಲೆ ಬಂದು, ಕೊನೆಗೆ ತನ್ನ ಮಗಳನ್ನೇ ಕ್ಲಾಸಿಗೆ ಸೇರಿಸಿ ಹೋದ. ಹೆಣ್ಣು ನೋಡಲು ಬಂದವರು ಅಡುಗೆ ಬರುತ್ತದೆಯೇ ಎಂದು ಕೇಳುವ ಮೊದಲು ಟೈಪಿಂಗ್ ಪರೀಕ್ಷೆ ಪಾಸಾಗಿದೆಯೇ ಎಂದು ಕೇಳುತ್ತಿದ್ದ ಕಾಲವದು. ಆ ಕಾಲದಲ್ಲಿ ನಾನು ಓಣಿಗೆಲ್ಲ ಮಾಸ್ತರ್.

ಆಮೇಲೆ ಕಂಪ್ಯೂಟರ್ ಬಂತು. ಹೊಸ ಶತಮಾನದ ಮೂರು-ನಾಲ್ಕು ವರ್ಷ ಕಳೆಯುವುದರೊಳಗೆ ನನ್ನ ಬಳಿ ಉಳಿದದ್ದು ಎರಡು ಟೈಪ್‌ರೈಟರ್, ಮೂರು ಹಳೆಯ ಕಂಪ್ಯೂಟರ್, ಐದಾರು ವಿದ್ಯಾರ್ಥಿಗಳು. ಮಿಕ್ಕ ಹದಿನಾರು ಮಷಿನುಗಳನ್ನು ಗುಜರಿಯವನು ತಕ್ಕಡಿಯಲ್ಲಿ ತೂಗಿ ಒಯ್ದ. ತೂಗುವಾಗ ಒಂದು ಮಷಿನಿನ ಗಂಟೆ ಟಿಣ್ ಎಂದಿತು. ನಾನು ಎದ್ದು ಒಳಗೆ ಹೋದೆ. ಉಳಿದ ವಿದ್ಯಾರ್ಥಿಗಳೂ ನನ್ನನ್ನು ‘ಅಂಕಲ್’ ಎಂದರು. ಕಂಪ್ಯೂಟರ್ ಕಲಿಸುವವನು ಸರ್ ಆಗುತ್ತಾನೆ, ಟೈಪಿಂಗ್ ಕಲಿಸುವವನು ಅಂಕಲ್ ಆಗುತ್ತಾನೆ. ಇದು ನನಗೆ ಬಹಳ ಚುಚ್ಚಿತು. ಐವತ್ತರ ಗಡಿಯಲ್ಲಿ ನಿಂತವನಿಗೆ ಸೊಂಟ ನೋವಿಗಿಂತ ಇಂಥವೇ ಹೆಚ್ಚು ನೋಯಿಸುತ್ತವೆ.

ಇಂಥ ಹೊತ್ತಿನಲ್ಲಿ ಬಂದವನು ಗಿರೀಶ, ನನ್ನ ಹೆಂಡತಿ ಶಾಂತಾಳ ತಮ್ಮ. ಹಿಂಜವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸ, ಸಂಜೆಗೆ ಕೋಟೆ ಒಡೆಯುವ ಆಟ. ಪುಣೆ ಮತ್ತು ಸುತ್ತಮುತ್ತಲಿನ ಹನ್ನೆರಡು ಮಂದಿ ಕನ್ನಡಿಗರು ಕೂಡಿ ಆ ಆಟದ ಸರ್ವರಿನಲ್ಲಿ, ಊರ ಹರಟೆಕಟ್ಟೆಯ ನೆನಪಿಗೆ ‘ಕಟ್ಟಿ’ ಎಂಬ ಹೆಸರಿನ ಮಾತಿನ ಕೋಣೆ ಮಾಡಿಕೊಂಡಿದ್ದರು. ಆಟಕ್ಕೆ ಮೊದಲು ಅಲ್ಲಿ ಸೇರಬೇಕು, ಹರಟಬೇಕು, ಜೋಡಿ ಕಟ್ಟಿಕೊಂಡು ಯುದ್ಧಕ್ಕೆ ಹೊರಡಬೇಕು. ಆದರೆ ಸರ್ವರಿನ ಕಾನೂನು ವಿಚಿತ್ರ. ಕೋಣೆಯಲ್ಲಿ ಒಬ್ಬನಾದರೂ ಇರುವವರೆಗೆ ಅದು ನಿಮ್ಮದು. ಖಾಲಿಯಾಯಿತೋ, ಮೊದಲು ಹೊಕ್ಕವನೇ ಯಜಮಾನ. ಮಧ್ಯಾಹ್ನ ಇವರೆಲ್ಲ ಆಫೀಸಿನಲ್ಲಿರುವಾಗ ಯಾರೋ ಎರಡು ಸಲ ಕೋಣೆಯನ್ನು ಹೊಕ್ಕು, ಇವರನ್ನೇ ಹೊರಗೆ ಹಾಕಿ ಕದ ಹಾಕಿಕೊಂಡಿದ್ದರಂತೆ.

ನಮ್ಮ ಕಡೆ ಅಕ್ಕನ ಗಂಡ ಮಾಮಾ. “ಮಾಮಾ,” ಎಂದ ಗಿರೀಶ, “ಮಧ್ಯಾಹ್ನ ಒಂದರಿಂದ ನಾಲ್ಕರ ತನಕಾ ನಿಮ್ಮ ಕ್ಲಾಸ್ ಬಂದ್ ಇರ್ತದ. ಅಷ್ಟು ಹೊತ್ತು ನಮ್ಮ ಕೋಣ್ಯಾಗ ಸುಮ್ನ ಕೂತಿರ್ರಿ. ಆಡೂದೇನೂ ಬ್ಯಾಡ. ಉಳದ ಹೊತ್ತಿಗೆ ನಮ್ಮಾಗ ಯಾರರ ಒಬ್ಬರು ಇರ್ತೀವಿ.”

ಪುಣೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕು ಎಂದರೆ ದೇವರು ಬಂದರೂ ಕದ ತಟ್ಟಬಾರದ ಹೊತ್ತು. ಊರೆಲ್ಲ ಮಲಗಿರುತ್ತದೆ. ನನಗೋ ಹಗಲು ನಿದ್ದೆ ಹತ್ತುವುದಿಲ್ಲ. ಒಪ್ಪಿಕೊಂಡೆ.

ಸುಮ್ಮನೆ ಕೂಡುವುದೂ ಒಂದು ಕೆಲಸವೇ ಎಂದು ನೀವು ಕೇಳಿದರೆ, ನೀವು ನಮ್ಮ ಕಡೆಯ ರೈಲು ಹತ್ತಿಲ್ಲ ಎಂದಾಯಿತು. ಪುಣೆಯಿಂದ ಸೋಲಾಪುರದ ಕಡೆ ಹೋಗುವ ಪ್ಯಾಸೆಂಜರ್ ಗಾಡಿ ಪೂರ್ತಿ ನಿಲ್ಲುವ ಮೊದಲೇ ಕಿಟಕಿಯ ಸರಳುಗಳ ಸಂದಿಯಿಂದ ಒಳಗೆ ಟವೆಲ್ಲು ಬೀಳುತ್ತದೆ. ಟವೆಲ್ಲು, ಕರವಸ್ತ್ರ, ಗಾಂಧಿ ಟೋಪಿ. ಒಮ್ಮೆ ದೌಂಡದಲ್ಲಿ ಒಂಟಿ ಚಪ್ಪಲಿ ಬಿದ್ದದ್ದನ್ನೂ ಕಂಡಿದ್ದೇನೆ. ಅದು ಬಿದ್ದ ಸೀಟು ಎಸೆದವನದು. ಈ ಕಾನೂನು ಯಾವ ಪುಸ್ತಕದಲ್ಲೂ ಇಲ್ಲ, ಆದರೂ ಎಂಥ ಪೈಲವಾನನೂ ಆ ತುಂಡು ಬಟ್ಟೆಯನ್ನು ಎತ್ತಿ ಬಿಸಾಡುವ ಮೊದಲು ಸುತ್ತ ನೋಡುತ್ತಾನೆ. ಸೀಟಿನ ಯಜಮಾನ ಇನ್ನೂ ಪ್ಲಾಟ್‌ಫಾರ್ಮಿನಲ್ಲಿ ನಿಂತು ಚಹಾ ಊದಿ ಊದಿ ಕುಡಿಯುತ್ತಿರುತ್ತಾನೆ. ಟವೆಲ್ಲಿಗೆ ಟಿಕೆಟ್ಟೂ ಬೇಡ, ಅದು ಯಾವ ಊರಿಗೂ ಹೋಗಬೇಕಾಗಿಲ್ಲ. ಹೀಗೆ ನಾನು ಕಟ್ಟಿಯ ಟವೆಲ್ಲಾದೆ.

ನನ್ನ ಕಂಪ್ಯೂಟರಿಗೆ ಆ ಆಟವನ್ನು ಹೊರುವ ಶಕ್ತಿ ಇರಲಿಲ್ಲ. ಆದ್ದರಿಂದ ಗಿರೀಶ ಒಂದು ಪುಟ್ಟ ಪ್ರೋಗ್ರಾಮ್ ಹಾಕಿಕೊಟ್ಟ. ಅದರಲ್ಲಿ ಆಟವಿಲ್ಲ, ಸರ್ವರಿನ ಮಾತುಕತೆ ಮಾತ್ರ. ಚಿತ್ರವಿಲ್ಲ, ಸದ್ದಿಲ್ಲ, ಮೌಸಿನ ಹಂಗಿಲ್ಲ. ಕಪ್ಪು ತೆರೆ, ಬಿಳಿ ಅಕ್ಷರ, ಕೊನೆಯಲ್ಲಿ ಮಿನುಗುವ ಒಂದು ಗೆರೆ. ಒಳಗೆ ಹೋಗಬೇಕಾದರೆ ಆಜ್ಞೆ ಟೈಪ್ ಮಾಡಬೇಕು, ಕೋಣೆಯಲ್ಲಿ ಯಾರಿದ್ದಾರೆಂದು ನೋಡಲೂ ಟೈಪ್ ಮಾಡಬೇಕು. ಸುಮ್ಮನೆ ಬರೆದದ್ದು ಇಡೀ ಕೋಣೆಗೆ ಕೇಳುತ್ತದೆ. ಒಬ್ಬನಿಗೇ ಗುಟ್ಟಾಗಿ ಹೇಳಬೇಕಾದರೆ ಸಾಲಿನ ಮೊದಲಿಗೆ ಒಂದು ಓರೆಗೆರೆ, ಅವನ ಹೆಸರು, ಆಮೇಲೆ ಮಾತು. ಬೇರೆಯವರಿಗೆ ಇದು ಬಡವರ ಗುಡಿಸಲು, ನನಗೆ ತವರುಮನೆ. ಬಾಯಿ ತೆರೆಯದೆ, ಮೌಸ್ ಹಿಡಿಯದೆ, ಬರೀ ಹತ್ತು ಬೆರಳಿನಿಂದ ನಡೆಯುವ ಜಗತ್ತು ಎಲ್ಲೋ ಇದ್ದೇ ಇರುತ್ತದೆಂದು ನಾನು ಮೊದಲಿನಿಂದಲೂ ನಂಬಿದ್ದೆ.

ಹೆಸರೇನು ಇಡಲಿ ಎಂದು ಗಿರೀಶ ಕೇಳಿದಾಗ ನನ್ನ ಬೆರಳುಗಳು ತಾವೇ ಹೋಗಿ ಟೈಪಿಂಗಿನ ಮೊದಲ ಪಾಠವನ್ನು ಬಡಿದವು: ಎ, ಎಸ್, ಡಿ, ಎಫ್, ಜಿ, ಎಫ್. ಅದೇ ನನ್ನ ಹೆಸರಾಯಿತು. ಸಾವಿರಾರು ಮಂದಿಯ ಬೆರಳಿಗೆ ನಾನು ಈ ಮಂತ್ರ ಉಪದೇಶಿಸಿದ್ದೇನೆ, ನನಗೆ ಇದಕ್ಕಿಂತ ತಕ್ಕ ಹೆಸರಿಲ್ಲ.

ಸುಮ್ಮನೆ ಕೂತರೆ ಸರ್ವರ್ ‘ಇವನು ನಿದ್ದೆ ಹೋದ’ ಎಂದು ಹೊರಗೆ ತಳ್ಳುತ್ತದೆ. ಆಗಾಗ ಏನಾದರೂ ಟೈಪ್ ಮಾಡುತ್ತಿರಬೇಕು. ಮೊದಮೊದಲು ಪಾಠವನ್ನೇ ಬಡಿಯುತ್ತಿದ್ದೆ. ಆಮೇಲೆ ಆಗಾಗ ಇಣುಕುವವರ ಜೊತೆ ಮಾತಿಗೆ ಶುರುವಾಯಿತು. ಹಾಗೆ ಬರುತ್ತಿದ್ದವರಲ್ಲಿ ಒಬ್ಬರು ‘ಸಿಗ್ನಲ್’ ಎಂಬ ಹೆಸರಿನವರು. ನಿಜ ಹೆಸರು ಸಿದ್ರಾಮಪ್ಪ, ದೌಂಡ ಜಂಕ್ಷನ್ನಿನಲ್ಲಿ ರೈಲ್ವೆ ನೌಕರಿ, ನನ್ನದೇ ವಯಸ್ಸು. ಪಾಳಿ ಮುಗಿಸಿ ಅಲ್ಲಿನ ಸೈಬರ್ ಕೆಫೆಯಲ್ಲಿ ಕೂತು, ಮೀಸೆ ಬೆಳ್ಳಗಾದ ಮೇಲೆ ಕೋಟೆ ಒಡೆಯಲು ಕಲಿಯುತ್ತಿದ್ದರು. ಅವರು ಮೊದಲ ದಿನವೇ ಕೇಳಿದ್ದು, ಎಷ್ಟು ಕೋಟೆ ಒಡೆದಿದ್ದೀರಿ ಎಂದು. ‘ಲೆಕ್ಕ ಇಟ್ಟಿಲ್ಲ’ ಎಂದು ಟೈಪ್ ಮಾಡಿದೆ. ಸುಳ್ಳಲ್ಲ. ಸೊನ್ನೆಗೆ ಯಾರು ಲೆಕ್ಕ ಇಡುತ್ತಾರೆ?

ಒಂದು ದಿನ ಸಿದ್ರಾಮಪ್ಪ ಸೋತು ಬಂದು ಗೊಣಗಿದರು. ಈ ಆಟದಲ್ಲಿ ಒಂದೊಂದು ಕೀಲಿಗೆ ಒಂದೊಂದು ಕೆಲಸವಂತೆ. ಇವರು ಕೀಲಿಮಣೆ ನೋಡಿಕೊಂಡು ಒಂದೇ ಬೆರಳಿನಲ್ಲಿ ಕುಟ್ಟುವಷ್ಟರಲ್ಲಿ ವೈರಿ ಕೋಟೆಯೊಳಗೆ ಬಂದು ಚಹಾ ಕುಡಿದಿರುತ್ತಿದ್ದ. ನನ್ನೊಳಗಿನ ಮಾಸ್ತರ್ ಎದ್ದು ಕೂತ. ಬೆನ್ನು ನೆಟ್ಟಗೆ ಇರಲಿ. ಮಣಿಕಟ್ಟು ಮೇಜಿಗೆ ತಾಗಬಾರದು. ಕಿರುಬೆರಳು ಎ ಬಿಟ್ಟು ಕದಲಬಾರದು. ಕಣ್ಣು ಕೀಲಿಯ ಮೇಲೆ ಬಿದ್ದರೆ ಬೆರಳು ಸೋಮಾರಿಯಾಗುತ್ತದೆ. ಎಂಟು ದಿನ ಸೈನಿಕರನ್ನು ಮರೆತು ಪಾಠ ಬಡಿಯಿರಿ ಎಂದೆ. ಆ ಮನುಷ್ಯ ನಿಜವಾಗಿಯೂ ಎಂಟು ದಿನ ಬಡಿದರು. ಒಂಬತ್ತನೆಯ ದಿನ ಗೆದ್ದು ಬಂದು ಕೋಣೆಯಲ್ಲಿ ‘ಮಾಸ್ತರ್!’ ಎಂದು ಕೂಗಿದರು. ಕೂಗಿದರು ಎಂದರೆ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿದರು. ನನಗೆ ಕೂಗಿದಂತೆಯೇ ಕೇಳಿಸಿತು.

ಮರುದಿನ ಇನ್ನಿಬ್ಬರು ಬಂದರು, ಆಮೇಲೆ ಉಳಿದವರು. ಬಹಳ ದಿನಗಳ ಮೇಲೆ ನನ್ನ ಕ್ಲಾಸು ತುಂಬಿತು. ಗರಡಿಮನೆಯ ಮುದಿ ವಸ್ತಾದನೂ ಕಣಕ್ಕಿಳಿಯುವುದಿಲ್ಲ, ಬದುವಿನ ಮೇಲೆ ಕೂತು ಪಟ್ಟು ಹೇಳುತ್ತಾನೆ ಎಂದು ಸಮಾಧಾನ ಮಾಡಿಕೊಂಡೆ. ಅವನು ಒಂದು ಕಾಲದಲ್ಲಾದರೂ ಕುಸ್ತಿ ಹಿಡಿದಿರುತ್ತಾನೆ, ನಾನು ಕಣದ ಮಣ್ಣನ್ನೇ ಮುಟ್ಟಿಲ್ಲ. ಈ ಸಣ್ಣ ವ್ಯತ್ಯಾಸ ಊಟಕ್ಕೆ ಕೂತಾಗ ನೆನಪಾಗಿ ತುತ್ತು ಸ್ವಲ್ಪ ನಿಧಾನವಾಗುತ್ತಿತ್ತು. ಗಿರೀಶನಿಗೆ ಎಲ್ಲ ಗೊತ್ತಿತ್ತು. ಆದರೆ ಅವನು ಮರ್ಯಾದಸ್ಥ, ಬಾಯಿ ಬಿಡಲಿಲ್ಲ.

ಹೀಗಿರಲು ಒಂದು ಸೋಮವಾರ ಕೋಣೆಯಲ್ಲಿ ಸುದ್ದಿ ಬಂತು. ಬರುವ ಶನಿವಾರ ಹೈದರಾಬಾದಿನ ತಂಡದ ಜೊತೆ ದೊಡ್ಡ ಆಟ. ಅರ್ಧ ಮಂದಿ ಕ್ಯಾಂಪಿನ ಸೈಬರ್ ಕೆಫೆಯಲ್ಲಿ, ಇನ್ನರ್ಧ ಹಿಂಜವಾಡಿಯಲ್ಲಿ ಗಿರೀಶನ ಫ್ಲ್ಯಾಟಿನಲ್ಲಿ. ‘ಮಾಸ್ತರ್ ಬರಬೇಕು’ ಎಂದು ಸಿದ್ರಾಮಪ್ಪ ಬರೆದರು. ‘ಮಾಸ್ತರ್ ಇಲ್ಲದಿದ್ದರೆ ಆಟವೇ ಇಲ್ಲ’ ಎಂದು ಮತ್ತೊಬ್ಬರು. ನಿಮಿಷಕ್ಕೆ ಎಂಬತ್ತು ಶಬ್ದ ಬಡಿಯುವವನ ದುರ್ದೈವವೆಂದರೆ ತಲೆ ಯೋಚಿಸುವ ಮೊದಲೇ ಬೆರಳು ಉತ್ತರ ಕೊಟ್ಟಿರುತ್ತದೆ. ‘ಅವಶ್ಯ’ ಎಂದುಬಿಟ್ಟಿದ್ದೆ.

ಎರಡು ದಿನ ಊಟ ಸೇರಲಿಲ್ಲ. ಕೆಫೆಯಲ್ಲಿ ಎಲ್ಲರ ಎದುರು ಮೌಸ್ ಕೈಗೆ ಕೊಟ್ಟರೆ ಏನು ಮಾಡಲಿ? ಮೌಸನ್ನು ನಾನು ಇಂದಿಗೂ ಹಲ್ಲಿ ಹಿಡಿದಂತೆ ಹಿಡಿಯುತ್ತೇನೆ. ಹದಿನಾರು ಮಷಿನುಗಳ ಜೊತೆ ಗುಜರಿಗೆ ಹೋಗಿದ್ದ ಒಂದು ಹೆಸರು ಎಲ್ಲಿಂದಲೋ ತಿರುಗಿ ಬಂದಿತ್ತು, ಅದು ಶನಿವಾರ ಮತ್ತೆ ಹೋಗುವುದು ಖಂಡಿತವಿತ್ತು. ಕೊನೆಗೆ ನಾನು ಧೀರರೆಲ್ಲ ಹಿಡಿಯುವ ದಾರಿಯನ್ನೇ ಹಿಡಿದೆ. ಜ್ವರ ತರಿಸಿಕೊಳ್ಳಲು ನಿರ್ಧರಿಸಿದೆ. ಸಿದ್ರಾಮಪ್ಪನವರೊಬ್ಬರಿಗೆ ಮಾತ್ರ ನಿಜ ಹೇಳಿ, ಉಳಿದವರನ್ನು ಅವರೇ ಸಂಭಾಳಿಸಲಿ ಎಂದು ಯೋಚಿಸಿದೆ.

ಇಲ್ಲಿ ಟೈಪ್‌ರೈಟರಿನಲ್ಲಿ ಪಳಗಿದವರ ಎರಡು ಚಟಗಳನ್ನು ಹೇಳಬೇಕು. ಒಂದು, ನಾವು ಬಡಿಯುವಾಗ ಎದುರಿಗೆ ನೋಡುವುದಿಲ್ಲ. ಎಡಗಡೆ ಇಟ್ಟ ಕರಡಿನ ಮೇಲೆ ಕಣ್ಣಿರುತ್ತದೆ. ಎರಡು, ಸಾಲು ಮುಗಿಯಲು ಬಂದಾಗ ಮಷಿನಿನ ಗಂಟೆ ಬಾರಿಸುತ್ತದೆ, ಎಡಗೈ ಹೋಗಿ ಸನ್ನೆಗೋಲನ್ನು ನೂಕುತ್ತದೆ, ಕಾಗದ ಹೊಸ ಸಾಲಿಗೆ ಬರುತ್ತದೆ. ಕಂಪ್ಯೂಟರಿನಲ್ಲಿ ಗಂಟೆಯೂ ಇಲ್ಲ, ಸನ್ನೆಗೋಲೂ ಇಲ್ಲ. ಆದರೆ ನನ್ನ ತಲೆಯೊಳಗಿನ ಗಂಟೆಯನ್ನು ಗುಜರಿಯವನು ಒಯ್ದಿರಲಿಲ್ಲ. ಅರವತ್ತು ಅಕ್ಷರಕ್ಕೆ ಅದು ಟಿಣ್ ಎನ್ನುತ್ತದೆ, ನನ್ನ ಬಲಗೈ ಕಿರುಬೆರಳು ಹೋಗಿ ಎಂಟರ್ ಒತ್ತುತ್ತದೆ. ಕೋಣೆಯ ಹರಟೆಯಲ್ಲಿ ಇದರಿಂದ ಏನೂ ಕೆಟ್ಟಿರಲಿಲ್ಲ, ಉದ್ದ ಮಾತು ಎರಡು ಮೂರು ತುಂಡಾಗಿ ಹೋಗುತ್ತಿತ್ತು ಅಷ್ಟೆ. ಗುಟ್ಟಿನ ಮಾತನ್ನಂತೂ ಅಲ್ಲಿಯವರೆಗೆ ಒಂದು ಸಾಲಿಗಿಂತ ಹೆಚ್ಚು ಆಡಿಯೇ ಇರಲಿಲ್ಲ.

ಬುಧವಾರ ಯಾವುದೋ ರಜೆ. ಪೆನ್ಸಿಲಿನಲ್ಲಿ ಕರಡು ಬರೆದು, ಎರಡು ಸಲ ತಿದ್ದಿ, ಎಡಕ್ಕಿಟ್ಟುಕೊಂಡೆ. ಓರೆಗೆರೆ ಹಾಕಿ ಸಿದ್ರಾಮಪ್ಪನವರ ಹೆಸರು ಬರೆದೆ. ಆಮೇಲೆ ಕರಡಿನಿಂದ ಕಣ್ಣು ತೆಗೆಯದೆ, ಒಂದೂ ತಪ್ಪಿಲ್ಲದೆ ಬಡಿದೆ:

‘ಮಾನ್ಯರೇ, ಈ ಮಾತು ದಯವಿಟ್ಟು ನಮ್ಮಿಬ್ಬರ ನಡುವೆಯೇ ಇರಲಿ.
ನಾನು ಈ ಆಟವನ್ನು ಇದುವರೆಗೆ ಒಮ್ಮೆಯೂ ಆಡಿರುವುದಿಲ್ಲ.
ಆಡುವುದು ಹೇಗೆಂದು ಸಹ ತಿಳಿದಿರುವುದಿಲ್ಲ.
ಆದಕಾರಣ ಬರುವ ಶನಿವಾರ ನನಗೆ ಜ್ವರ ಬರಲಿದೆ.
ಉಳಿದವರಿಗೆ ತಾವು ಸೂಕ್ತ ರೀತಿಯಲ್ಲಿ ತಿಳಿಸಬೇಕಾಗಿ ವಿನಂತಿ.’

ತಿದ್ದಿ ನೋಡಲೆಂದು ತೆರೆಯ ಕಡೆ ತಿರುಗಿದೆ. ಮೊದಲ ಸಾಲಿನ ಮುಂದೆ ಮಾತ್ರ ಸಿದ್ರಾಮಪ್ಪನವರ ಹೆಸರಿತ್ತು. ಆಜ್ಞೆ ನಡೆಯುವುದು ಒಂದೇ ಸಾಲಿಗೆ. ಎಂಟರ್ ಒತ್ತಿದೊಡನೆ ಗುಟ್ಟು ಮುಗಿದು, ಮುಂದಿನ ನಾಲ್ಕು ಸಾಲುಗಳು ನೆಟ್ಟಗೆ ಕೋಣೆಗೆ ಹೋಗಿದ್ದವು. ರಜೆಯಾದ್ದರಿಂದ ಕೋಣೆ ತುಂಬಿತ್ತು. ಇಡೀ ಪತ್ರದಲ್ಲಿ ಅವರಿಗೆ ತಲುಪದ ಸಾಲು ಒಂದೇ, ‘ನಮ್ಮಿಬ್ಬರ ನಡುವೆಯೇ ಇರಲಿ’ ಎಂಬುದು.

ಯಾರೂ ಏನೂ ಬರೆಯಲಿಲ್ಲ. ಒಂದು ನಿಮಿಷ ಆ ಬಿಳಿ ಗೆರೆ ಮಾತ್ರ ಮಿನುಗುತ್ತಿತ್ತು. ಆ ಒಂದು ನಿಮಿಷವನ್ನು ತಡೆಯಲಾಗದ ನಾನು ಕಂಪ್ಯೂಟರಿನ ಪ್ಲಗ್ ಎಳೆದು, ಮೇಲೆ ಟೈಪ್‌ರೈಟರಿನ ರೆಕ್ಸಿನ್ ಮುಸುಕು ಹೊದಿಸಿದೆ. ಶಾಂತಾ ಬಂದು ನೋಡಿ, “ಏನ್ರಿ, ಕಂಪ್ಯೂಟರ್ ತೀರಿಕೊಂಡದೇನು?” ಎಂದಳು. ಮಾಲಕನ ಬಗ್ಗೆ ಕೇಳಿದ್ದರೆ ಉತ್ತರ ಕೊಡುತ್ತಿದ್ದೆ.

ಗುರುವಾರ ಮುಸುಕು ತೆಗೆಯಲಿಲ್ಲ. ಗಿರೀಶನ ಫೋನ್ ಬಂದರೆ ಇಲ್ಲವೆನ್ನಿಸಿದೆ. ಒಂದು ಗಂಟೆಯಾದಾಗ ಮಾತ್ರ ಬೆರಳುಗಳು ಮೇಜಿನ ಮೇಲೆ ತಾವೇ ಕುಣಿದವು. ಕೋಣೆಯಲ್ಲಿ ಯಾರಿದ್ದಾರೋ, ಖಾಲಿ ಬಿದ್ದು ಯಾರ ಪಾಲಾಯಿತೋ ಎಂದು ಜೀವ ಚಡಪಡಿಸುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಊರು ಮಲಗಿದ ಹೊತ್ತಿನಲ್ಲಿ ಯಾರೋ ಕದ ತಟ್ಟಿದರು. ಬೆಳ್ಳನೆಯ ಮೀಸೆ, ಹೆಗಲ ಮೇಲೆ ಟವೆಲ್ಲು.

“ಮಾಸ್ತರ್ ಅಂದ್ರ ನೀವೇ ಏನ್ರಿ? ನಾ ಸಿದ್ರಾಮಪ್ಪ, ದೌಂಡದಿಂದ ಬಂದೆ. ಜ್ವರಾ ಶನಿವಾರ ಬರ್ತದ ಅಂದಿದ್ರಿ. ಇವತ್ತಿನ್ನೂ ಶುಕ್ರವಾರ ಅದ. ಅದಕ್ಕ ಮೊದಲ ನೋಡಿ ಹೋಗೂಣಂತ ಬಂದೆ.”

ನಾನು ನೆಲ ನೋಡಿದೆ. ಅವರು ಮುಸುಕು ಹಾಕಿದ ಕಂಪ್ಯೂಟರನ್ನು ನೋಡಿದರು. ಶಾಂತಾ ಚಹಾ ತಂದಿಟ್ಟು, ಹೋದಂತೆ ಮಾಡಿ ಬಾಗಿಲಲ್ಲೇ ನಿಂತಳು.

“ನೀವು ಆಡಂಗಿಲ್ಲ ಅನ್ನೂದು ನಮಗ ನೀವು ಲೆಕ್ಕ ಇಟ್ಟಿಲ್ಲ ಅಂದ ಮೊದಲನೇ ದಿನಾನ ಗೊತ್ತಾತ್ರಿ,” ಎಂದರು ಸಿದ್ರಾಮಪ್ಪ. “ನಮ್ಮ ಸ್ಕ್ರೀನ್ ಮ್ಯಾಲೆ ಒಬ್ಬೊಬ್ಬರ ಹೆಸರಿನ ಬಾಜೂಕ ಎಷ್ಟು ಗೆದ್ದಾರ, ಎಷ್ಟು ಸೋತಾರ ಅಂತ ಬರೀತದ. ನಿಮ್ಮ ಮುಂದ ಎರಡೂ ಸೊನ್ನಿ. ನಿಮ್ಮ ಕರೀ ಸ್ಕ್ರೀನಿನ್ಯಾಗ ಅದು ಕಾಣಂಗಿಲ್ಲಂತ, ಗಿರೀಶ ಹೇಳಿದ.”

ಒಂದು ವರ್ಷ ನಾನು ಬಚ್ಚಿಟ್ಟುಕೊಂಡದ್ದು ಎಲ್ಲರಿಗೂ ಗೊತ್ತಿತ್ತು, ಗೊತ್ತಿದೆ ಎಂಬುದು ಮಾತ್ರ ನನ್ನೊಬ್ಬನಿಗೆ ಗೊತ್ತಿರಲಿಲ್ಲ. “ಮತ್ತ ಮಾಸ್ತರ್ ಅಂತ ಯಾಕ ಕರದ್ರಿ?” ಎಂದೆ.

“ಕಲಿಸಿದ್ರಿ, ಕರದ್ವಿ. ನಂದು ಮೊದಲು ಒಂದ ಬೆರಳು ಓಡ್ತಿತ್ತು. ಈಗ ಎಂಟು ಓಡ್ತಾವ. ಇದನ್ನ ಯಾರು ಮಾಡಿದ್ರಿ, ಸರ್ವರೇನು?”

ಬುಧವಾರ ಯಾಕೆ ಎಲ್ಲರೂ ಸುಮ್ಮನಿದ್ದಿರಿ ಎಂದು ಕೇಳಿದೆ. ಜ್ವರ ಬರಲಿದೆ ಎಂಬ ಸಾಲು ಓದಿ ಎಲ್ಲರೂ ನಗುತ್ತಿದ್ದರಂತೆ. ಟೈಪ್ ಮಾಡಲು ಕೈ ತಿರುಗಿ ಬರುವಷ್ಟರಲ್ಲಿ ನಾನು ಹೋಗಿಬಿಟ್ಟಿದ್ದೆನಂತೆ. ಅವತ್ತಿನಿಂದ ಪಾಳಿ ಹಚ್ಚಿ ಕೋಣೆ ಕಾಯುತ್ತಿದ್ದರು. ಒಂದರಿಂದ ನಾಲ್ಕು ಮಾಸ್ತರರ ಹೊತ್ತು, ಅದು ಖಾಲಿ ಬೀಳಬಾರದು ಎಂದು ಗಿರೀಶ ಗುರುವಾರ ಅರ್ಧ ದಿನ ರಜೆ ಹಾಕಿ ಕೂತಿದ್ದ. ಟವೆಲ್ಲಿಗೇ ಯಾರೋ ಟವೆಲ್ಲು ಹಾಕಿ ಜಾಗ ಹಿಡಿದಿದ್ದರು. ನನ್ನ ಕಣ್ಣು ತುಂಬಿ ಬಂತು, ಚಹಾದ ಹಬೆಯ ಮೇಲೆ ತಪ್ಪು ಹೊರಿಸಿದೆ.

ಶನಿವಾರ ನನ್ನನ್ನು ಕರೆದದ್ದೂ ಆಡಲಿಕ್ಕಲ್ಲ. ಆಟದ ಬಿಸಿಯಲ್ಲಿ ಯಾರಿಗೂ ಟೈಪ್ ಮಾಡಲು ಕೈ ಬಿಡುವಿರುವುದಿಲ್ಲ. ಕ್ಯಾಂಪಿನವರು ಬಾಯಲ್ಲಿ ಕೂಗಿದ್ದನ್ನು ಹಿಂಜವಾಡಿಯವರಿಗೆ ಒಡನೆ ತಲುಪಿಸಲು ಒಬ್ಬರು ಬೇಕಿತ್ತು. “ನೀವು ನಮ್ಮ ತಂತಿ ಬಡಿಯೂ ತಾರ್ ಮಾಸ್ತರ್ ಆಗ್ರಿ,” ಎಂದರು ಸಿದ್ರಾಮಪ್ಪ. ಇಂಥ ಕೆಲಸಕ್ಕೆ ಪುಣೆಯಲ್ಲಿ ನನಗಿಂತ ಯೋಗ್ಯನಿಲ್ಲ ಎಂದು ನಾನೂ ಸಂಕೋಚವಿಲ್ಲದೆ ಒಪ್ಪಿದೆ.

ಹೋದೆ. ನನ್ನದೇ ಕೀಲಿಮಣೆಯನ್ನು ಕಂಕುಳಲ್ಲಿಟ್ಟುಕೊಂಡು ಹೋದೆ. ಅಲ್ಲಿ ಸಿದ್ರಾಮಪ್ಪನವರ ತೆರೆಯ ಮೇಲೆ, ವರ್ಷವಿಡೀ ಕಾವಲು ಕಾದ ಕೋಣೆಯನ್ನು ಮೊದಲ ಸಲ ಕಂಡೆ. ಕಲ್ಲಿನ ಗೋಡೆ, ಉರಿಯುವ ಪಂಜು, ಹೆಸರುಗಳ ಪಕ್ಕ ಕತ್ತಿ ಹಿಡಿದ ವೀರರ ಚಿತ್ರ. ಕಡೆಯಲ್ಲಿ ನನ್ನ ಎ-ಎಸ್-ಡಿ-ಎಫ್-ಜಿ-ಎಫ್. ಪಕ್ಕದಲ್ಲಿ ಕತ್ತಿಯೂ ಇಲ್ಲ, ವೀರನೂ ಇಲ್ಲ, ಒಂದು ಖಾಲಿ ಚೌಕ. ಗೆಲುವು ಸೊನ್ನೆ. ಸೋಲು ಸೊನ್ನೆ. ಇಡೀ ಕಟ್ಟಿಯಲ್ಲಿ ಒಮ್ಮೆಯೂ ಸೋಲದವನು ನಾನೊಬ್ಬನೇ ಎಂದು ತೋರಿಸಿದೆ. ಎಲ್ಲರೂ ಒಪ್ಪಿದರು.

ಆಟ ಎರಡು ತಾಸು ನಡೆಯಿತು. ಅವರು ಕೂಗಿದರು, ನಾನು ಬಡಿದೆ. ಪೂರ್ವದ ಬಾಗಿಲು, ಉತ್ತರದ ಸೇತುವೆ, ಗಿರೀಶ ಹಿಂದೆ ಸರಿ. ತಲೆಯಲ್ಲಿ ಗಂಟೆ ಬಾರಿಸುವ ಮೊದಲೇ ಸಾಲು ಮುಗಿಸುವುದನ್ನು ಕಲಿತೆ. ಬೆರಳು ಒಮ್ಮೆಯೂ ತಪ್ಪಲಿಲ್ಲ. ಆದರೂ ಹೈದರಾಬಾದಿನವರು ನಮ್ಮ ಕೊನೆಯ ಕೋಟೆಯನ್ನು ಕೆಡವಿಯೇಬಿಟ್ಟರು. ಎಲ್ಲರ ಹೆಸರಿನ ಮುಂದಿನ ಸೋಲಿನ ಅಂಕಿ ಒಂದೊಂದು ಏರಿತು. ನನ್ನದು ಸೊನ್ನೆಯಾಗಿಯೇ ಕೂತಿತ್ತು.

ಎರಡು ತಾಸಿನ ಹಿಂದೆ ಜಂಬಪಟ್ಟ ಅದೇ ಸೊನ್ನೆಯನ್ನು ನೋಡಿ ನನಗೆ ಸಂಕಟವಾಯಿತು. ಪಂಕ್ತಿಯಲ್ಲಿ ಎಲ್ಲರ ಎಲೆಗೂ ಬಡಿಸಿ ನನ್ನೊಬ್ಬನನ್ನು ದಾಟಿ ಹೋದಂತಿತ್ತು. ಅವರ ಸೋಲಿನಲ್ಲಿ ನನ್ನ ಪಾಲೂ ಇತ್ತು, ಸರ್ವರಿಗೆ ಅದು ಗೊತ್ತಿರಲಿಲ್ಲ. ನಾನು ಎದ್ದು ಹೋಗಿ ಪಕ್ಕದ ಕುರ್ಚಿಯ ಮೇಲೆ ಸಿದ್ರಾಮಪ್ಪ ಇಟ್ಟಿದ್ದ ಟವೆಲ್ಲನ್ನು ತೆಗೆದು ಅವರ ಕೈಗೆ ಕೊಟ್ಟು, ಆ ಕುರ್ಚಿಯಲ್ಲಿ ಕೂತೆ.

“ಬರ್ರಿ, ನನ್ನ ಜೋಡಿ ಒಂದು ಆಟ ಆಡ್ರಿ,” ಎಂದೆ. “ಬಿಟ್ಟು ಕೊಟ್ಟೀರಿ, ನೋಡ್ರಿ ಮತ್ತ.”

ಅವರು ಬಿಟ್ಟು ಕೊಡಲಿಲ್ಲ. ನಾನೇ ಕಲಿಸಿದ ಎಂಟು ಬೆರಳುಗಳಿಂದ ನನ್ನ ಕೋಟೆಯನ್ನು ನಾಲ್ಕು ನಿಮಿಷದಲ್ಲಿ ನೆಲಸಮ ಮಾಡಿದರು. ಕಿರುಬೆರಳು ಒಮ್ಮೆಯೂ ಎ ಬಿಟ್ಟು ಕದಲಲಿಲ್ಲ. ನನ್ನ ಸೈನಿಕರು ಸಾಯುತ್ತಿದ್ದಾಗ ನಾನು ನೋಡುತ್ತಿದ್ದದ್ದು ಅದನ್ನೇ. ಕೆಫೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಸೋಮವಾರ ಒಂದು ಗಂಟೆಗೆ ಮುಸುಕು ತೆಗೆದು ನನ್ನ ಕಪ್ಪು ತೆರೆಯ ಮುಂದೆ ಕೂತೆ. ಕೋಣೆಗೆ ಹೊಸಬನೊಬ್ಬ ಬಂದಿದ್ದ. ನನ್ನನ್ನು ಎಲ್ಲರೂ ಮಾಸ್ತರ್ ಎನ್ನುವುದನ್ನು ನೋಡಿ, ಎಷ್ಟು ಕೋಟೆ ಒಡೆದಿದ್ದೀರಿ ಸರ್ ಎಂದು ಕೇಳಿದ. ಗಂಟೆ ಬಾರಿಸುವ ಮೊದಲೇ ಮುಗಿಯುವಂತೆ ಒಂದೇ ಸಾಲಿನಲ್ಲಿ, ಓರೆಗೆರೆ ಹಾಕದೆ, ಇಡೀ ಕೋಣೆಗೆ ಕೇಳುವಂತೆ ಟೈಪ್ ಮಾಡಿದೆ: ‘ಒಡೆದದ್ದು ಸೊನ್ನೆ, ಒಡೆಸಿಕೊಂಡದ್ದು ಒಂದು, ಬೆನ್ನು ನೆಟ್ಟಗೆ ಮಾಡಿ ಕೂಡು.’